ವಾಂತಿ ತಡೆಯುವ ಮಾತ್ರೆಯೂ ಕೀಮೋದ ಭಾಗವೇ



ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಕ್ಯಾನ್ಸರ್ ಡೇ ಕೇರ್ ಕೇಂದ್ರ ತೆರೆಯುವುದಾಗಿ ಕೇಂದ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ಹೇಳಿದೆ. ಬಹಳ ಒಳ್ಳೆಯದು. ಆದರೆ ಕೀಮೋ ಮುಗಿಸಿ ಮನೆಗೆ ಮರಳಿದ ರೋಗಿಯ ಪಾಡೇನು? ಮಹಾರಾಷ್ಟ್ರದ ಜತ್ತ ತಾಲೂಕಿನ ಪೂರ್ವ ಭಾಗದವನಾದ, ಲಿಂಫೋಮಾ ಎಂಬ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ನಾನು ಈ ಪ್ರಶ್ನೆ ಕೇಳಲೇಬೇಕಾಗಿದೆ.

ನಮಗೆ 21 ದಿನಕ್ಕೊಮ್ಮೆ ಕೀಮೋ. ನಮ್ಮ ತಾಲೂಕಿನ ಉಮದಿ, ಸಂಖ ಕಡೆಯವರು ಅದಕ್ಕಾಗಿ ಮಿರಜ್, ಸಾಂಗ್ಲಿಗೆ ಹೋಗಬೇಕು. ಇಲ್ಲವೇ ವಿಜಯಪುರ, ಸೊಲ್ಲಾಪುರದ ದಾರಿ ಹಿಡಿಯಬೇಕು. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ ಕಡಿಮೆಯಿದ್ದರೆ ತಾರೀಖು ಮುಂದೆ ಹೋಗುತ್ತದೆ. ಬಸ್ ಖರ್ಚು, ಜೊತೆಗೆ ಬಂದವರ ಅಂದಿನ ಕೂಲಿ ಎರಡೂ ವ್ಯರ್ಥ. ಸಲೈನಿನಲ್ಲಿ ಹೋಗುವ ಔಷಧದ ಖರ್ಚನ್ನು ಮಹಾರಾಷ್ಟ್ರ ಸರ್ಕಾರದ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆ ಭರಿಸುತ್ತದೆ. ಅದಕ್ಕೆ ನಾನು ಋಣಿ. ಕಷ್ಟ ಶುರುವಾಗುವುದು ಊರಿಗೆ ಬಂದ ಮೇಲೆ.

ಲಿಂಫೋಮಾಕ್ಕೆ ಸಾಮಾನ್ಯವಾಗಿ ಕೊಡುವ ಸೈಕ್ಲೋಫಾಸ್ಫಮೈಡ್ ಮತ್ತು ಡಾಕ್ಸೊರುಬಿಸಿನ್ ಎರಡೂ ಸೇರಿದರೆ ವಾಂತಿ ಜೋರು. ಮೊದಲ ದಿನದ್ದು ಆಸ್ಪತ್ರೆಯ ಇಂಜೆಕ್ಷನ್ನಿಗೆ ತಗ್ಗುತ್ತದೆ. ಎರಡನೆಯ ದಿನದಿಂದ ಐದನೆಯ ದಿನದವರೆಗೆ ಕಾಡುವ ವಾಂತಿಗೆ ಮಾತ್ರೆ ಬೇಕು, ಅದೂ ವಾಂತಿ ಶುರುವಾಗುವ ಮೊದಲೇ. ಒಂಡನ್ಸೆಟ್ರಾನ್ ಅಗ್ಗ, ಆದರೆ ಅದೊಂದೇ ಸಾಲದು. ಅದರ ಜೊತೆ ಕೊಡುವ ಅಪ್ರೆಪಿಟೆಂಟ್ ಕ್ಯಾಪ್ಸೂಲ್‌ಗಳ ಬೆಲೆಯೋ ದ್ರಾಕ್ಷಿ ತೋಟದ ಕೂಲಿಯವರಿಗೆ ಪ್ರತಿ ಸಲವೂ ಭಾರ. ಹಣವಿಲ್ಲದವರು ಚೀಟಿ ಮಡಚಿಟ್ಟು ವಾಂತಿ ಸಹಿಸುತ್ತಾರೆ. ಅನ್ನ ಸೇರದೆ, ನೀರೂ ನಿಲ್ಲದೆ ನಿತ್ರಾಣರಾದವರಿಗೆ ಮುಂದಿನ ತಾರೀಖು ತಪ್ಪುತ್ತದೆ. ಹೆದರಿ ಚಿಕಿತ್ಸೆಯನ್ನೇ ಬಿಡುವವರೂ ಇದ್ದಾರೆ. ಆಗ ಸರ್ಕಾರ ಕೀಮೋಕ್ಕೆ ಸುರಿದ ಹಣವೂ ನೀರುಪಾಲು.

ಆಯುಷ್ಮಾನ್ ಭಾರತ ಯೋಜನೆಯಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ 15 ದಿನಗಳ ಔಷಧದ ಖರ್ಚೂ ಸೇರಿದೆ. ಹಾಗಿದ್ದೂ ರೋಗಿಯ ಕೈಗೆ ಚೀಟಿ ಕೊಟ್ಟು "ಹೊರಗೆ ತಗೊಳ್ಳಿ" ಎನ್ನುವುದು ಯಾವ ನ್ಯಾಯ?

ವಾಂತಿ ತಡೆಯಲು ಅಗ್ಗದ ದಾರಿಯೂ ಇದೆ. ಓಲಾಂಜಪೈನ್ ಹಳೆಯ, ಕಡಿಮೆ ಬೆಲೆಯ ಮಾತ್ರೆ. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ವೈದ್ಯರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲೆ ಹೇಳಿದ ಎರಡು ಔಷಧಗಳನ್ನು ಪಡೆದ ರೋಗಿಗಳೂ ಇದ್ದರು. ಇತರ ವಾಂತಿ ನಿರೋಧಕಗಳ ಜೊತೆ ಕೊಟ್ಟಾಗ ಓಲಾಂಜಪೈನಿನ 2.5 ಮಿಲಿಗ್ರಾಂ ಪ್ರಮಾಣ 10 ಮಿಲಿಗ್ರಾಂಗೆ ಕಡಿಮೆಯಿಲ್ಲದಂತೆ ಕೆಲಸ ಮಾಡಿತು. ಹಗಲಿನ ತೂಕಡಿಕೆಯೂ ಕಡಿಮೆ. ಯಾರಿಗೆ ಯಾವುದು ಎಂದು ವೈದ್ಯರೇ ಹೇಳಲಿ. ಅವರು ಬರೆದದ್ದು ಬಡವರ ಕೈಗೆ ಸಿಗುವಂತೆ ಮಾಡುವುದು ಸರ್ಕಾರದ ಕೆಲಸ.

ಫುಲೆ ಯೋಜನೆಯನ್ನು ಕರ್ನಾಟಕದ 865 ಗಡಿ ಹಳ್ಳಿಗಳಿಗೆ ಒಯ್ಯಲು ಮಹಾರಾಷ್ಟ್ರ ಹೊರಟಾಗ, 2023ರಲ್ಲಿ ಎರಡೂ ರಾಜ್ಯಗಳ ನಡುವೆ ಮಾತಿನ ಕಾವು ಏರಿತ್ತು. ಅದೇ ಯೋಜನೆ ಜತ್ತದ ರೋಗಿಗೆ ಪೂರ್ತಿಯಾಗಿ ತಲುಪಿದೆಯೇ ಎಂದು ಮಾತ್ರ ಎರಡೂ ಕಡೆಯವರು ಕೇಳಲಿಲ್ಲ.

ಸಾಂಗ್ಲಿ ಜಿಲ್ಲಾಡಳಿತಕ್ಕೆ ನನ್ನ ಬೇಡಿಕೆ ಇಷ್ಟು. ಕೀಮೋ ಮುಗಿದ ದಿನವೇ ಐದು ದಿನದ ಮಾತ್ರೆ ರೋಗಿಯ ಕೈಗೆ ಕೊಡಬೇಕು. ಜತ್ತದ ಸರ್ಕಾರಿ ಆಸ್ಪತ್ರೆಯಲ್ಲೂ ಗಡಿ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಅವುಗಳ ದಾಸ್ತಾನಿರಬೇಕು. ಕೀಮೋಕ್ಕೆ ಮುಂಚಿನ ರಕ್ತ ಪರೀಕ್ಷೆ ತಾಲೂಕಿನಲ್ಲೇ ಆಗಬೇಕು. ಯಾವ ದಿನ ಯಾವ ಮಾತ್ರೆ, ಜ್ವರ ಬಂದರೆ ಎಲ್ಲಿಗೆ ಓಡಬೇಕು ಎಂಬ ಚೀಟಿ ಮರಾಠಿಯ ಜೊತೆ ಕನ್ನಡದಲ್ಲೂ ಇರಬೇಕು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಯೋಜನೆಯೂ ಬೇಕಿಲ್ಲ. ಮುಂದಿನ ಬಜೆಟ್ಟಿಗೆ ಕಾಯದೆ ಈಗಲೇ ಆದೇಶ ಹೊರಡಿಸಲಿ.

— ಒಬ್ಬ ಓದುಗ, ಜತ್ತ ತಾಲೂಕು, ಸಾಂಗ್ಲಿ ಜಿಲ್ಲೆ