ದರ ಏರಿಕೆಗೆ 3 ದಿನ, ಬಾಕಿಗೆ 38 ತಿಂಗಳು

ಸಾರಿಗೆ ನೌಕರರು ಹಟಮಾರಿಗಳಂತೆ. ಮುಖ್ಯಮಂತ್ರಿಗಳೇ ಕರೆದು ಮಾತನಾಡಿಸಿದರೂ ಬಗ್ಗಲಿಲ್ಲವಂತೆ. 2025ರ ಆಗಸ್ಟ್ 5ರಂದು ಬಸ್ ನಿಲ್ಲಿಸಿ ಜನರನ್ನು ಗೋಳು ಹೊಯ್ದುಕೊಂಡರಂತೆ. ಈ ಪುರಾಣ ಕೇಳಿ ಕೇಳಿ ಸಾಕಾಗಿದೆ.

ಮಾತುಕತೆ ಮುರಿದದ್ದು ಮುಖ್ಯವಾಗಿ 38 ತಿಂಗಳ ಬಾಕಿಯ ಮೇಲೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ವೇತನ ಪರಿಷ್ಕರಣೆ 2020ರ ಜನವರಿಗೆ ಆಗಬೇಕಿತ್ತು. ಆದೇಶ ಹೊರಬಿದ್ದದ್ದು 2023ರ ಮಾರ್ಚ್‌ನಲ್ಲಿ, ಚುನಾವಣೆ ಹೊಸ್ತಿಲಿಗೆ ಬಂದಾಗ. ಹೆಚ್ಚಳ ಶೇ 15. ನಡುವಿನ ತಿಂಗಳುಗಳ ಹಣ? ಅದು ಹಿಂದಿನ ಸರ್ಕಾರದವರ ಪಾಪ ಎಂದು ಈಗಿನವರು ಕೈ ತೊಳೆದುಕೊಂಡರು. ಹಿಂದಿನವರು ಕೊಂಡ ಬಸ್ಸುಗಳನ್ನು ಮಾತ್ರ ಯಾರೂ ಡಿಪೋದಿಂದ ಆಚೆ ತಳ್ಳಲಿಲ್ಲ! ಸರ್ಕಾರವೇ ನೇಮಿಸಿದ್ದ ಏಕಸದಸ್ಯ ಸಮಿತಿಯ ಶಿಫಾರಸಿನಂತೆ 14 ತಿಂಗಳದ್ದು, ಅಂದರೆ ₹718 ಕೋಟಿ ಕೊಡುತ್ತೇವೆ ಎಂದರು. ಉಳಿದ 24 ತಿಂಗಳು ಈ ಚಾಲಕರು ಯಾರ ಬಸ್ ಓಡಿಸುತ್ತಿದ್ದರು ಸ್ವಾಮಿ?

ಈಗ ಇನ್ನೊಂದು ಶೇ 15ರ ಕತೆ ಕೇಳಿ. 2025ರ ಜನವರಿ 2ರಂದು ಸಚಿವ ಸಂಪುಟ ಪ್ರಯಾಣ ದರವನ್ನು ಅಷ್ಟೇ ಪ್ರಮಾಣದಲ್ಲಿ ಏರಿಸಲು ಒಪ್ಪಿತು. 5ರಿಂದಲೇ ಜಾರಿ. ಪ್ರಯಾಣಿಕನ ಜೇಬಿಗೆ ಕೈ ಹಾಕಲು 3 ದಿನ ಸಾಕು, ನೌಕರನ ಜೇಬಿಗೆ ಹಾಕಲು 38 ತಿಂಗಳೂ ಸಾಲದು.

ಇಲ್ಲಿರುವುದು ಹಣದ ಕೊರತೆಯಲ್ಲ, ಎಳೆದಾಡಿದಷ್ಟೂ ಉಳಿತಾಯ ಎಂಬ ಲೆಕ್ಕಾಚಾರ. ಒಪ್ಪಂದ ತಡವಾದಷ್ಟೂ ಬಾಕಿ ಬೆಳೆಯುತ್ತದೆ. ಬಾಕಿ ಬೆಳೆದಷ್ಟೂ ಅದರಲ್ಲಿ ಚೌಕಾಸಿ ಮಾಡಬಹುದು. ಕಾಯಿಸಿದವರಿಗೇ ಲಾಭವಾಗುವ ಮಾತುಕತೆ ಬೇಗ ಮುಗಿಯಲಿ ಎಂದು ಯಾವ ಮಂತ್ರಿ ಬಯಸುತ್ತಾನೆ?

ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆಯ ಜಾಹೀರಾತಿನಲ್ಲಿ ನಗುವವರು ಈ ಮಂತ್ರಿಗಳೇ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮಷಿನ್ ಹಿಡಿದು, ಒಬ್ಬೊಬ್ಬರ ಆಧಾರ್ ನೋಡಿ ಶೂನ್ಯ ಟಿಕೆಟ್ ಹರಿದುಕೊಡುವವನು ಕಂಡಕ್ಟರ್. ಒಂದು ಟಿಕೆಟ್ ತಪ್ಪಿದರೆ ಚೆಕಿಂಗ್‌ನವರಿಂದ ಮೆಮೊ ಪಡೆಯುವವನೂ ಅವನೇ.

ಅಷ್ಟಕ್ಕೂ ನಮ್ಮಲ್ಲಿ ಯಾರ ಮಾತಿಗೆ ತಾನೇ ಸುಮ್ಮನೆ ಬೆಲೆ ಸಿಕ್ಕಿದೆ? ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ರಸ್ತೆಗಿಳಿದು ಕೂರುವವರೆಗೆ ಟನ್ನಿನ ಬೆಲೆ ಸರ್ಕಾರಕ್ಕೆ ತುರ್ತು ವಿಷಯವೇ ಆಗಿರಲಿಲ್ಲ. ರಸ್ತೆ ತಡೆದರೆ ಸಭೆ, ಅರ್ಜಿ ಕೊಟ್ಟರೆ ಸ್ವೀಕೃತಿ ಮುದ್ರೆ. ಬಂಡವಾಳ ಹೂಡುವವರಿಗೆ ಮಾತ್ರ ಅರಮನೆ ಮೈದಾನದಲ್ಲಿ ಹಾರ ಹಿಡಿದು ಸ್ವಾಗತ. ಸಾರಿಗೆ ನೌಕರರಿಗೆ ಮುಷ್ಕರ ನಿಷೇಧಿಸುವ ಎಸ್ಮಾ.

ಅಂದಹಾಗೆ, ಮುಂದಿನ ಪರಿಷ್ಕರಣೆ 2024ರ ಜನವರಿ 1ಕ್ಕೇ ಆಗಬೇಕಿತ್ತು. ಮುಷ್ಕರದ ದಿನಕ್ಕೆ ಅದೂ 19 ತಿಂಗಳು ಹಳೆಯ ಬಾಕಿಯಾಗಿತ್ತು.