ಕಲಿತವನಿಗೆ ಕೆಲಸವೆಲ್ಲಿ?

ಪಣಂಬೂರಿನಲ್ಲಿ ಬಂದರು ಕಟ್ಟುವುದಕ್ಕಾಗಿ ಮನೆ, ಗದ್ದೆ ಬಿಟ್ಟು ಕಾಟಿಪಳ್ಳ, ಕೃಷ್ಣಾಪುರಗಳಿಗೆ ಹೋದ ಸಂಸಾರಗಳುಂಟು. 1975ರಲ್ಲಿ ಬಂದರು ಉದ್ಘಾಟನೆಯಾಯಿತು; ಮರುವರ್ಷ ರಸಗೊಬ್ಬರದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಆ ಸಂಸಾರಗಳ ಮೊಮ್ಮಕ್ಕಳು ಕೆಲಸ ಕೇಳಿದಾಗ 'ಮೊದಲು ಕಲಿತು ಬನ್ನಿ' ಎನ್ನುವುದು ಸರಿಯೇ. ಕಲಿತು ಬಂದ ಮೇಲೆ ಏನೆಂಬುದೇ ಪ್ರಶ್ನೆ.

1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಅಪ್ರೆಂಟಿಸನು ಕಲಿಯುವವನು, ಕಾರ್ಮಿಕನಲ್ಲ. ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸವು. ಗಾಯವಾದರೆ ಪರಿಹಾರವುಂಟು, ಸುರಕ್ಷತೆಯ ವಿಧಿಗಳುಂಟು. ಸಂಬಳವಿಲ್ಲ, ಸ್ಟೈಪೆಂಡು ಮಾತ್ರ. ಈ ಏರ್ಪಾಡನ್ನೇ ನಾವು ಹಳಿಯುವುದಿಲ್ಲ. ಲೇತ್ ಮುಟ್ಟದೆ ಟರ್ನರ್ ಆದವರಿಲ್ಲ.

ಆದರೆ 2014ರ ತಿದ್ದುಪಡಿ ಯಾರ ಕಡೆ ವಾಲಿತೆಂಬುದನ್ನು ನೋಡಬೇಕು. ಕೆಲಸದ ವೇಳೆಯ ನಿರ್ಧಾರ ಮಾಲಿಕರ ಕೈಗೆ ಹೋಯಿತು. ಕಾಯಿದೆ ಮುರಿದವರಿಗೆ ಇದ್ದ ಜೈಲಿನ ಭಯ ತೊಲಗಿ ದಂಡವಷ್ಟೇ ಉಳಿಯಿತು. ಕಲಿತವರನ್ನು ನೇಮಿಸಿಕೊಳ್ಳುವ ನೀತಿಯನ್ನೂ ಮಾಲಿಕರೇ ಬರೆದುಕೊಳ್ಳಬಹುದೆಂದಾಯಿತು. 2019ರ ನಿಯಮಗಳು 30 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರಿರಬೇಕೆಂದು ವಿಧಿಸಿದವು. ಕನಿಷ್ಠ ಸ್ಟೈಪೆಂಡನ್ನು ವಿದ್ಯಾರ್ಹತೆಗೆ ತಕ್ಕಂತೆ 5,000ದಿಂದ 9,000 ರೂಪಾಯಿಗೆ ಏರಿಸಿದವು. ಇದು ಸ್ವಾಗತಾರ್ಹ. ಆದರೆ ವರ್ಷಕ್ಕೊಂದು ಹೊಸ ತಂಡವನ್ನು ತಂದು, ಹಳೆಯದನ್ನು ಕಳುಹಿಸಿ, ಖಾಯಂ ಹುದ್ದೆಯನ್ನು ಖಾಲಿಯಿಟ್ಟರೆ ತಡೆಯುವವರಾರು?

1995ರಲ್ಲಿ ಸುಪ್ರೀಂ ಕೋರ್ಟು ಉತ್ತರ ಪ್ರದೇಶದ ಸಾರಿಗೆ ನಿಗಮದ ಮೊಕದ್ದಮೆಯಲ್ಲಿ ಒಂದು ನ್ಯಾಯ ಹೇಳಿತು: ಉಳಿದೆಲ್ಲ ಅರ್ಹತೆ ಸಮವಾಗಿದ್ದರೆ, ತರಬೇತಿ ಪಡೆದ ಅಪ್ರೆಂಟಿಸನಿಗೆ ಹೊರಗಿನ ಅಭ್ಯರ್ಥಿಗಿಂತ ಮೊದಲ ಆದ್ಯತೆ ಸಲ್ಲಬೇಕು. ಈ ಮಾತು ಕಾಯಿದೆಯೊಳಗೇ ಬರಬೇಕೆಂಬುದು ನಮ್ಮ ಬೇಡಿಕೆ. ಅದು ಬರುವ ತನಕ ಪಣಂಬೂರು, ಬೈಕಂಪಾಡಿಗಳ ಪ್ರತಿಯೊಂದು ಕಾರ್ಖಾನೆಯೂ ತನ್ನ ನೇಮಕದ ನೀತಿಯನ್ನು ಕನ್ನಡದಲ್ಲಿ ಗೇಟಿನ ಬಳಿ ಅಂಟಿಸಲಿ. ಎಷ್ಟು ಮಂದಿ ಕಲಿತರು, ಎಷ್ಟು ಮಂದಿಗೆ ಕೆಲಸ ದೊರೆಯಿತು ಎಂಬ ಲೆಕ್ಕವನ್ನೂ ವರ್ಷಕ್ಕೊಮ್ಮೆ ಹೊರಗಿಡಲಿ.

ಇದು ಹುಡುಗರ ಪಾಡೆಂದು ಖಾಯಂ ಕಾರ್ಮಿಕರು ಸುಮ್ಮನಿರಬಾರದು. ಅಗ್ಗದ ಕೈ ಸಿಗುವ ಕಡೆ ನಾಳೆ ಅವರ ಹುದ್ದೆಗೂ ಭದ್ರತೆಯಿಲ್ಲ. ಅಂಗಡಿಯವರೂ ತಮ್ಮ ಸಾಲದ ಪುಸ್ತಕ ತೆರೆದು ನೋಡಲಿ: ಸ್ಟೈಪೆಂಡಿನಲ್ಲಿ ಬದುಕುವ ಮನೆಯ ಬಾಕಿ ಎಂದು ತೀರೀತು? ಕಾರ್ಮಿಕ ಸಂಘಗಳು ಮುಂದಿನ ಬೇಡಿಕೆಪಟ್ಟಿಯಲ್ಲಿ ಅಪ್ರೆಂಟಿಸರ ವಿಷಯವನ್ನು ಮೊದಲ ಸಾಲಿನಲ್ಲೇ ಬರೆಯಲೆಂದು ಒತ್ತಾಯಿಸುತ್ತೇವೆ.