ಹಾರ ಸಾಕು, ಪ್ರಸಾದ ನಿಲಯದ ಬಾಗಿಲು ತೆರೆಯಿರಿ



ಏಪ್ರಿಲ್ 1 ಬಂತೆಂದರೆ ಊರೂರಲ್ಲಿ ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳ ಭಾವಚಿತ್ರದ ಮೆರವಣಿಗೆ. ಹೂವಿನ ಪಲ್ಲಕ್ಕಿ, ಫ್ಲೆಕ್ಸು, ಮಂತ್ರಿಗಳ ಭಾಷಣ, ಕೊನೆಗೆ ಭಾರತರತ್ನಕ್ಕಾಗಿ ಒಂದು ನಿರ್ಣಯ. ಮೂವತ್ತು ವರ್ಷ ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿ ದುಡಿದ ನಾನು ಇಂಥ ಎಷ್ಟೋ ವೇದಿಕೆಗಳಲ್ಲಿ ಕುಳಿತಿದ್ದೇನೆ. ಅಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಇಲ್ಲಿ ಕೇಳುತ್ತೇನೆ: ಪೂಜ್ಯರ ಚಿತ್ರವನ್ನು ಹೆಗಲ ಮೇಲೆ ಹೊತ್ತ ನಾವು ಅವರ ಕೆಲಸವನ್ನು ಎಲ್ಲಿ ಇಳಿಸಿ ಬಂದೆವು?

ಆ ಕೆಲಸ ಯಾವುದೆಂದು ನೆನಪಿಸಿಕೊಳ್ಳೋಣ. 1907ರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಶಿವಣ್ಣ ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡವರು. ತುಮಕೂರಿನಲ್ಲಿ ಹೈಸ್ಕೂಲು ಓದುವಾಗ ಅವರಿಗೆ ನೆರಳಾದದ್ದು ಸಿದ್ಧಗಂಗಾ ಮಠ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಆ ತರುಣನನ್ನು 1930ರಲ್ಲಿ ಉದ್ಧಾನ ಶಿವಯೋಗಿಗಳು ಉತ್ತರಾಧಿಕಾರಿಯಾಗಿ ಆರಿಸಿದರು. 1941ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಮಠದ ಪೂರ್ಣ ಹೊಣೆ ಇವರ ಹೆಗಲಿಗೆ ಬಂತು.

ಆಗ ಮಠದಲ್ಲಿ ಸಿರಿ ಇರಲಿಲ್ಲ, ಹಸಿದ ಮಕ್ಕಳಿದ್ದರು. ಸ್ವಾಮೀಜಿ ಭಕ್ತರ ಹಳ್ಳಿಗಳನ್ನು ಸುತ್ತಿ ದವಸ ಬೇಡಿ ತಂದರು. ರೈತರು ಕೊಟ್ಟ ರಾಗಿ ಮುದ್ದೆಯಾಯಿತು, ಮುದ್ದೆ ತಿಂದ ಹುಡುಗ ಪಾಠ ಕಲಿತ. ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವೆಂದರೆ ಇಷ್ಟೇ, ಇಷ್ಟೂ. ಯಾವ ಜಾತಿ, ಯಾವ ಮತ ಎಂದು ಕೇಳದೆ ಅಲ್ಲಿ ಎಲೆ ಹಾಕಿದರು. ಮಕ್ಕಳ ಸಂಖ್ಯೆ ಹತ್ತು ಸಾವಿರದ ಆಸುಪಾಸಿಗೆ ಬೆಳೆಯಿತು. ಸಂಜೆ ಬಯಲಿನಲ್ಲಿ ಸಾಲಾಗಿ ಕೂತು ಪ್ರಾರ್ಥನೆ ಮಾಡುವ ಆ ಮಕ್ಕಳಲ್ಲಿ ಯಾರು ಯಾವ ಕೇರಿಯವರೆಂದು ಗುರುತಿಸಲು ಯಾರಿಗೆ ಸಾಧ್ಯ? ಜಾತಿ ವಿನಾಶದ ಬಗ್ಗೆ ನಾವು ಮಾಡಿದ ನೂರು ವಿಚಾರ ಸಂಕಿರಣಗಳಿಗಿಂತ ಆ ಒಂದು ಪಂಕ್ತಿ ಹೆಚ್ಚು ಮಾಡಿದೆ.

ಈಗ ನಮ್ಮ ಕಡೆ ನೋಡಿ. ನನ್ನ ಶಾಲೆಯಲ್ಲಿ ಓದಿದ ಒಬ್ಬ ಹುಡುಗಿ, ಕೂಲಿಯವರ ಮಗಳು, ಒಳ್ಳೆಯ ಅಂಕ ತೆಗೆದು ಒಂದು ಮಠದ ಕಾಲೇಜಿಗೆ ಹೋದಳು. ಕಚೇರಿಯ ಗೋಡೆಯ ಮೇಲೆ ಬಸವಣ್ಣನವರ ಚಿತ್ರವಿತ್ತು. ಅದರ ಕೆಳಗೆ ಕೂತಿದ್ದ ಗುಮಾಸ್ತರು ಫೀಜಿನ ಜೊತೆಗೆ ‘ಕಟ್ಟಡ ನಿಧಿ’ ಕೇಳಿದರು. ಹುಡುಗಿಯ ಅಪ್ಪ ಕೈಮುಗಿದು ಎದ್ದು ಬಂದ. ಅವಳು ಈಗ ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಾಳೆ. ಆ ಕಚೇರಿಯಲ್ಲಿ ಸೋತದ್ದು ಅವಳಲ್ಲ, ದಾಸೋಹ.

ಕೆಲವರು ಹೇಳುತ್ತಾರೆ: ‘ಕಾಲ ಬದಲಾಗಿದೆ ಮೇಷ್ಟ್ರೇ, ಉಪನ್ಯಾಸಕರ ಸಂಬಳ, ಲ್ಯಾಬು, ಸರ್ಕಾರದ ನಿಯಮ, ಎಲ್ಲಕ್ಕೂ ದುಡ್ಡು ಬೇಕು.’ ಬೇಕು, ನಾನು ಇಲ್ಲವೆನ್ನುವುದಿಲ್ಲ. ಸಿದ್ಧಗಂಗೆಯೂ 1963ರಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು, ಅದೇನು ಪುಕ್ಕಟೆ ನಡೆಯುವುದಿಲ್ಲ. ಆದರೆ ಅಲ್ಲಿ ಮೊದಲು ಒಲೆ ಉರಿಯಿತು, ಆಮೇಲೆ ಕಾಲೇಜು ಎದ್ದಿತು. ಕಾಲೇಜು ಎದ್ದ ಮೇಲೂ ಒಲೆ ಆರಲಿಲ್ಲ. ನಮ್ಮಲ್ಲಿ ಅನೇಕ ಕಡೆ ಕಾಲೇಜು ಎದ್ದಿತು, ಪ್ರಸಾದ ನಿಲಯಕ್ಕೆ ಬೀಗ ಬಿತ್ತು. ಬೆಳ್ಳಿ ಸಿಂಹಾಸನಕ್ಕೆ, ಅಡ್ಡಪಲ್ಲಕ್ಕಿಗೆ, ಹೊಸ ಕಾರಿಗೆ ಒದಗುವ ಹಣ ಬಡ ಮಗುವಿನ ಊಟಕ್ಕೆ ಒದಗುವುದಿಲ್ಲ ಎಂದರೆ ಅದು ಬಡತನವಲ್ಲ, ಮನಸ್ಸಿಲ್ಲದಿರುವುದು.

ತಪ್ಪು ಮಠಾಧೀಶರದು ಮಾತ್ರವಲ್ಲ. ಕಾಣಿಕೆ ಕೊಡುವ ಭಕ್ತರು ಅದು ಏನಾಯಿತೆಂದು ಕೇಳುವುದಿಲ್ಲ. ಕಲ್ಲಿನ ಮೇಲೆ ಹೆಸರು ಕೆತ್ತಿಸಲು ಮುಂದೆ ಬರುವವರು ಒಂದು ಮಗುವಿನ ವರ್ಷದ ಊಟದ ಖರ್ಚು ಹೊರಲು ಹಿಂದೆ ಸರಿಯುತ್ತಾರೆ. ಇದಕ್ಕೆ ಭಕ್ತಿ ಎಂದು ಹೆಸರಿಡಬೇಡಿ.

ಆದ್ದರಿಂದ ನನ್ನ ಬೇಡಿಕೆ ನಾಲ್ಕು. ಮಠದ ಪ್ರತಿ ಕಾಲೇಜಿನಲ್ಲೂ ಹತ್ತರಲ್ಲಿ ಒಂದು ಸೀಟು ಬಡವರಿಗೆ ಉಚಿತವಾಗಿರಲಿ. ಮುಚ್ಚಿದ ಪ್ರಸಾದ ನಿಲಯಗಳು ಎಲ್ಲ ಜಾತಿಯ ಮಕ್ಕಳಿಗೂ ತೆರೆಯಲಿ, ಹೆಣ್ಣುಮಕ್ಕಳಿಗೂ ಪ್ರತ್ಯೇಕ ನಿಲಯಗಳಾಗಲಿ. ಡೊನೇಷನ್ ಯಾವ ಹೆಸರಿನಲ್ಲೂ ಬೇಡ. ವರ್ಷಕ್ಕೊಮ್ಮೆ ಜಾತ್ರೆಯ ದಿನ, ಎಷ್ಟು ಬಂತು, ಎಷ್ಟು ಮಕ್ಕಳು ಉಂಡರು, ಎಷ್ಟು ಮಕ್ಕಳು ಓದಿದರು ಎಂಬ ಲೆಕ್ಕವನ್ನು ಭಕ್ತರ ಮುಂದೆ ಓದಲಿ.

ಸ್ವಾಮೀಜಿಗೆ 2007ರಲ್ಲಿ ಕರ್ನಾಟಕ ರತ್ನ ಬಂತು, 2015ರಲ್ಲಿ ಪದ್ಮಭೂಷಣ ಬಂತು. ಭಾರತರತ್ನವೂ ಬರಲಿ, ಸಂತೋಷ. ಆದರೆ ಅದು ದಿಲ್ಲಿಯ ಕೈಯಲ್ಲಿದೆ. ಪ್ರಸಾದ ನಿಲಯದ ಬೀಗದ ಕೈ ನಮ್ಮ ಸೊಂಟದಲ್ಲೇ ಇದೆ. 2019ರ ಜನವರಿ 21ರಂದು ಪೂಜ್ಯರು ಲಿಂಗೈಕ್ಯರಾದಾಗ, ಮಕ್ಕಳ ಊಟ ಮುಗಿಯುವವರೆಗೆ ಆ ಸುದ್ದಿಯನ್ನು ಹೊರಗೆ ಹೇಳಲಿಲ್ಲ. ಅದು ಅವರದೇ ಇಚ್ಛೆಯಾಗಿತ್ತೆಂದು ಅಂದು ಪತ್ರಿಕೆಗಳೆಲ್ಲ ಬರೆದವು. ತನ್ನ ಸಾವಿಗಿಂತ ಮಕ್ಕಳ ಊಟವನ್ನು ಮುಂದಿಟ್ಟವರ ಜಯಂತಿಯನ್ನು ನಾವು ಹಾರದಲ್ಲಿ ಮುಗಿಸುವುದು ತರವಲ್ಲ. ಬರುವ ಏಪ್ರಿಲ್ 1ರೊಳಗೆ ಪ್ರತಿ ತಾಲ್ಲೂಕಿನಲ್ಲಿ ಒಂದಾದರೂ ಬೀಗ ತೆಗೆಯಲಿ.